ಸೇಫ್ಟಿ ಶೂ: ಮೊದಲು ನಾಲಿಗೆ ಎತ್ತಿ ಓದಿ

ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಸೇಫ್ಟಿ ಶೂ ಕೇಳಿ ನೋಡಿ. ಅಂಗಡಿಯವರು ಶೂ ಮೂತಿಯನ್ನು ಕೌಂಟರ್‌ಗೆ ಕುಟ್ಟಿ ‘ಟಣ್’ ಎನಿಸುತ್ತಾರೆ: ‘ಒರಿಜಿನಲ್ ಸ್ಟೀಲ್ ಸಾರ್!’ ಸ್ಟೀಲೇ ಇರಬಹುದು. ಆದರೆ ಅದು ಎಷ್ಟು ಪೆಟ್ಟು ತಾಳುತ್ತದೆ, ಅಡಿಯಿಂದ ಮೊಳೆ ಚುಚ್ಚಿದರೆ ಏನು ಗತಿ ಎಂಬುದು ಸದ್ದಿನಿಂದ ಗೊತ್ತಾಗದು. ಅದಕ್ಕೆ ಶೂ ನಾಲಿಗೆಯ ಒಳಗಿನ ಚೀಟಿಯನ್ನೋ ಅಡಿಭಾಗದ ಅಚ್ಚನ್ನೋ ಓದಬೇಕು.

ಹಂತ 1: ಭಾಗ ಯಾವುದು?

ಐಎಸ್‌ಐ ಗುರುತಿನ ನೆತ್ತಿಯ ಮೇಲೆ ‘ಐಎಸ್ 15298’ (ಇಂಥ ಶೂಗಳ ಭಾರತೀಯ ಮಾನದಂಡದ ಸಂಖ್ಯೆ) ಎಂದಿದ್ದರೆ ಅಷ್ಟಕ್ಕೇ ಸಮಾಧಾನಪಡಬೇಡಿ. ‘ಭಾಗ’ ಎಷ್ಟು ಎಂದು ನೋಡಿ. ಭಾಗ 2 ನಿಜವಾದ ಸೇಫ್ಟಿ ಶೂ. ಬೆರಳಿನ ಮೇಲಿನ ಟೋಪಿ 200 ಜೂಲ್ ಪೆಟ್ಟು ತಾಳಬೇಕು. 20 ಕಿಲೋ ತೂಕ ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು! ಜೊತೆಗೆ 15 ಕಿಲೋನ್ಯೂಟನ್, ಅಂದರೆ ಸುಮಾರು ಒಂದೂವರೆ ಟನ್ ಅದುಮಿದರೂ ಕುಸಿಯಬಾರದು. ಪರೀಕ್ಷೆ ಮಾಡುವವರು ಟೋಪಿಯೊಳಗೆ ಮೆತ್ತನೆಯ ಜೇಡಿಯ ತುಂಡನ್ನಿಟ್ಟು ಪೆಟ್ಟು ಹಾಕುತ್ತಾರೆ. ಆಮೇಲೆ ಅದರ ಎತ್ತರ ಅಳೆಯುತ್ತಾರೆ. 41–42 ಸೈಜಿಗೆ ಕನಿಷ್ಠ 14 ಮಿ.ಮೀ. ಉಳಿದಿರಬೇಕು. ನಿಮ್ಮ ಬೆರಳಿಗೆ ಉಳಿಯುವ ಜಾಗ ಅದೇ.

ಭಾಗ 3ಕ್ಕೆ ಪೆಟ್ಟು ಅರ್ಧ, 100 ಜೂಲ್. ಭಾಗ 4ರಲ್ಲಿ ಟೋಪಿಯೇ ಕಡ್ಡಾಯವಲ್ಲ. ಆದರೆ ಮೂರಕ್ಕೂ ಇರುವುದು ಒಂದೇ ಐಎಸ್‌ಐ ಗುರುತು. ಎಡವುವುದು ಇಲ್ಲೇ.

ಗುರುತಿನ ಕೆಳಗಿರುವ ‘ಸಿಎಂ/ಎಲ್’ ಸಂಖ್ಯೆಯನ್ನು, ಅಂದರೆ ತಯಾರಕರ ಪರವಾನಗಿ ಸಂಖ್ಯೆಯನ್ನು, ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ‘ಬಿಐಎಸ್ ಕೇರ್’ ಆ್ಯಪ್‌ಗೆ ಹಾಕಿ. ಅಲ್ಲಿ ಬರುವ ತಯಾರಕರ ಹೆಸರಿಗೂ ಶೂ ಮೇಲಿನ ಹೆಸರಿಗೂ ತಾಳೆಯಾಗದಿದ್ದರೆ ಶೂವನ್ನು ಅಲ್ಲೇ ಇಟ್ಟು ಬನ್ನಿ.

ಹಂತ 2: ಎಸ್ ಅಕ್ಷರದ ಜಾತಕ

ಐಎಸ್ 15298ರ ಭಾಗ 2 ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 20345ರ ಹಾದಿಯದ್ದೇ. ಹಾಗಾಗಿ ಗಲ್ಫ್‌ಗೆ ಹೊರಟವರಿಗೂ ಈ ಲೆಕ್ಕ ಹೊಂದುತ್ತದೆ. ಎಸ್‌ಬಿ ಎಂದರೆ ಟೋಪಿಯಿರುವ ಬುನಾದಿ ಶೂ. ಎಸ್1ರಲ್ಲಿ ಹಿಮ್ಮಡಿ ಮುಚ್ಚಿರುತ್ತದೆ, ಹಿಮ್ಮಡಿಗೆ ಬೀಳುವ ಹೊಡೆತವನ್ನು ಹೀರುವ ಗುಣವಿರುತ್ತದೆ, ಸ್ಥಾಯೀ ವಿದ್ಯುತ್ತು ನೆಲಕ್ಕಿಳಿಯುತ್ತದೆ. ಎಸ್2 ಎಂದರೆ ಇಷ್ಟರ ಜೊತೆಗೆ ಮೇಲ್ಭಾಗ ಬೇಗ ನೀರು ಕುಡಿಯದು. ಎಸ್3 ಎಂದರೆ ಅದರ ಮೇಲೆ ಮೊಳೆ ತಡೆಯುವ ಪದರ ಮತ್ತು ಹಲ್ಲುಹಲ್ಲಾದ ಸೋಲ್. ಎಸ್4, ಎಸ್5 ಗಮ್‌ಬೂಟಿನ ಜಾತಿ.

ಕಟ್ಟಡ ಕೆಲಸಕ್ಕೆ ಎಸ್3ಕ್ಕಿಂತ ಕಡಿಮೆಯದ್ದು ಬೇಡ ಎಂಬುದು ನನ್ನ ಹಟ. ಸೆಂಟ್ರಿಂಗ್ ಬಿಚ್ಚುವ ದಿನ ಒಮ್ಮೆ ಸೈಟಿಗೆ ಹೋಗಿ ನೋಡಿ, ನೆಲದ ತುಂಬ ಹಲಗೆ, ಹಲಗೆ ತುಂಬ ಮೇಲ್ಮುಖ ಮೊಳೆ. ಅಲ್ಲಿ ಬೆರಳಿಗಿಂತ ಅಂಗಾಲಿಗೇ ಗಂಡಾಂತರ. ಎಸ್1 ಶೂ ಇದಕ್ಕೆ ಏನೂ ಮಾಡದು. ಪಕ್ಕದಲ್ಲಿ ‘ಪಿ’ ಇರಲೇಬೇಕು. ಪಿ ಎಂದರೆ 1100 ನ್ಯೂಟನ್, ಸರಿಸುಮಾರು 112 ಕಿಲೋ ಒತ್ತಡದಲ್ಲೂ ಮೊಳೆ ಪದರ ದಾಟದು ಎಂದರ್ಥ. ಇದೇ ಐಎಸ್‌ಒ 20345ರ 2022ರ ಐರೋಪ್ಯ ಆವೃತ್ತಿಯಲ್ಲಿ ಈ ಪಿ ಮೂರಾಗಿ ಒಡೆದಿದೆ: ಪಿ ಲೋಹದ ಪದರಕ್ಕೆ; ಬಟ್ಟೆಯ ಪದರವನ್ನು 4.5 ಮಿ.ಮೀ. ಮೊಳೆಯಿಂದ ಪರೀಕ್ಷಿಸಿದ್ದರೆ ಪಿಎಲ್, 3 ಮಿ.ಮೀ. ಮೊಳೆಯಿಂದಾದರೆ ಪಿಎಸ್. ಬಟ್ಟೆಯ ಪದರ ಹಗುರ, ಪಾದದ ಅಂಚಿನವರೆಗೂ ಹರಡುತ್ತದೆ. ಆದರೆ ತೆಳು ಮೊಳೆ ನೂಲಿನ ಸಂದಿಯಲ್ಲಿ ನುಸುಳಬಹುದು. ಅಂಥಲ್ಲಿ ಪಿಎಲ್ ಸಾಲದು.

ಹಂತ 3: ನಿಮ್ಮ ನೆಲ ಎಂಥದ್ದು?

ಹಳೆಯ ಗುರುತುಗಳಲ್ಲಿ ಎಸ್‌ಆರ್‌ಎ ಎಂದರೆ ಸೋಪುನೀರಿನ ಟೈಲ್ಸ್ ಮೇಲೆ, ಎಸ್‌ಆರ್‌ಬಿ ಎಂದರೆ ಗ್ಲಿಸರಿನ್ ಹಚ್ಚಿದ ಉಕ್ಕಿನ ಮೇಲೆ ಜಾರುಪರೀಕ್ಷೆ ಆಗಿದೆ ಎಂದರ್ಥ. ಎಸ್‌ಆರ್‌ಸಿ ಇದ್ದರೆ ಎರಡೂ ಆಗಿವೆ. ಹೊಸ ಶೂಗಳಲ್ಲಿ ಬರೀ ಎಸ್‌ಆರ್ ಕಾಣಬಹುದು. ಎಫ್‌ಒ ಇದ್ದರೆ ಸೋಲ್ ಎಣ್ಣೆಗೆ ಹಾಳಾಗದು. ಎಚ್‌ಆರ್‌ಒ ಇದ್ದರೆ 300 ಡಿಗ್ರಿಯ ಬಿಸಿಮೇಲ್ಮೈಯನ್ನು ಒಂದು ನಿಮಿಷ ತಾಳುತ್ತದೆ. ಫೌಂಡ್ರಿ, ವೆಲ್ಡಿಂಗ್‌ನವರು ಇದನ್ನು ಕೇಳಬೇಕು.

ಎಲೆಕ್ಟ್ರಿಷಿಯನ್‌ಗಳೇ, ಇಲ್ಲೊಂದು ಮಾತು. ‘ಎ’ ಅಥವಾ ಆ್ಯಂಟಿಸ್ಟ್ಯಾಟಿಕ್ ಎಂದರೆ ಶಾಕ್ ಹೊಡೆಯುವುದಿಲ್ಲ ಎಂದಲ್ಲ. ಮೈಯಲ್ಲಿ ಸೇರಿದ ಚಾರ್ಜನ್ನು ನೆಲಕ್ಕೆ ಬಿಡಲೆಂದೇ ಅದನ್ನು ಮಾಡಿರುವುದು. ನಿಮಗೆ ಬೇಕಾದ್ದು ವಿದ್ಯುತ್ ನಿರೋಧಕ ಎಂದೇ ನಮೂದಿಸಿರುವ ಬೇರೆ ಶೂ.

ಹಂತ 4: ಹಾಕಿ ನೋಡುವುದು

ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಕೆಲಸಕ್ಕೆ ಹಾಕುವ ಕಾಲುಚೀಲದಲ್ಲೇ ಹೋಗಿ. ‘ಹಾಕ್ತಾ ಹಾಕ್ತಾ ಬಿಡುತ್ತೆ’ ಎಂಬ ಮಾತು ಚರ್ಮಕ್ಕೆ ಸರಿ. ಉಕ್ಕಿನ ಟೋಪಿ ಯಾವತ್ತೂ ಬಿಡುವುದಿಲ್ಲ. ಕುಕ್ಕರಗಾಲಲ್ಲಿ ಕೂತು ನೋಡಿ. ಟೋಪಿಯ ಅಂಚು ಬೆರಳಿನ ಬುಡಕ್ಕೆ ಒತ್ತಿದರೆ ಬೇರೆ ಸೈಜು ಕೇಳಿ. ದುಡ್ಡಿನ ವಿಷಯ: ಸುರಕ್ಷತೆಗಾಗಿ ಒದಗಿಸಿದ್ದಕ್ಕೆ ಕೆಲಸಗಾರರಿಂದ ಹಣ ವಸೂಲಿ ಮಾಡುವಂತಿಲ್ಲ ಎನ್ನುತ್ತದೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ. ಕೂಲಿಯಲ್ಲಿ ಮುರಿದುಕೊಳ್ಳುವ ಕಾಂಟ್ರಾಕ್ಟರ್‌ಗೆ ತಿಳಿಸಿ.

ಹಂತ 5: ಬಿಸಾಡುವುದು ಯಾವಾಗ?

ಭಾರದ ವಸ್ತು ಒಮ್ಮೆ ಬಿದ್ದರೆ ಸಾಕು, ಮೇಲೆ ತಗ್ಗು ಕಾಣದಿದ್ದರೂ ಆ ಜೋಡಿಯನ್ನು ಬದಲಿಸಿ. ಬಳಸದೆ ಇಟ್ಟ ಶೂ ಕೂಡ ಕೆಡುತ್ತದೆ. ಪಿಯು (ಪಾಲಿಯುರೆಥೇನ್ ಎಂಬ ಹಗುರ ಪ್ಲಾಸ್ಟಿಕ್) ಸೋಲ್ ಗಾಳಿಯ ತೇವಕ್ಕೇ ಒಳಗೊಳಗೆ ಸಡಿಲವಾಗಿ, ಒಂದು ದಿನ ಹಾಕಿಕೊಂಡಾಗ ರೊಟ್ಟಿಚೂರಿನಂತೆ ಉದುರುತ್ತದೆ. ಕರಾವಳಿ, ಮಲೆನಾಡಿನವರು ತಯಾರಾದ ತಿಂಗಳು, ವರ್ಷ ನೋಡದೆ ಹಳೆ ಸ್ಟಾಕ್ ಕೊಳ್ಳಬೇಡಿ. ರಿಯಾಯಿತಿಯಲ್ಲಿ ಸಿಕ್ಕರೂ ಒಮ್ಮೆ ಸೋಲನ್ನು ಬಲವಾಗಿ ಬಾಗಿಸಿ ನೋಡಿ; ಕೂದಲೆಳೆಯಂಥ ಬಿರುಕು ಕಂಡರೆ ಅದು ಹಳೆಯದೇ.