ಕ್ರಾಪ್ ಸೆನ್ಸರ್ ಕ್ಯಾಮೆರಾದಲ್ಲಿ ಫುಲ್ ಫ್ರೇಮ್ ಲೆನ್ಸ್ ಬಳಸುವ ಕ್ರಮ

ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್ ಸಾಲದೆನಿಸಿದಾಗ ಹಲವರು ಮೊದಲು ಕೊಳ್ಳುವುದು 50 ಮಿ.ಮೀ. ಎಫ್ 1.8 ಲೆನ್ಸನ್ನು. ಅದನ್ನು ಮನೆಗೆ ತಂದು, ನಡುಮನೆಯಲ್ಲಿ ಎಲ್ಲರನ್ನೂ ಒಂದು ಚಿತ್ರದಲ್ಲಿ ಹಿಡಿಸಲು ಹಿಂದೆ ಸರಿಯುತ್ತ ಬೆನ್ನು ಗೋಡೆಗೆ ತಾಗಿದಾಗ, ಇದು ದೊಡ್ಡ ಸೆನ್ಸರಿನ ಕ್ಯಾಮೆರಾಗಳಿಗೆ ಮಾಡಿದ ಫುಲ್ ಫ್ರೇಮ್ ಲೆನ್ಸ್ ಆದ್ದರಿಂದಲೇ ಹೀಗಾಯಿತೆಂದು ಭಾವಿಸುತ್ತಾರೆ. ಅದು ಸರಿಯಲ್ಲ. ಅದೇ ಕಿಟ್ ಲೆನ್ಸನ್ನು 50ಕ್ಕೆ ತಿರುಗಿಸಿ ನೋಡಿದರೂ ನೋಟದ ಹರವು ಅಷ್ಟೇ ಇರುತ್ತದೆ.

ಸೆನ್ಸರ್ ಎಂದರೆ ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಫಲಕ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ಅಳತೆಯದು, ಅದಕ್ಕಿಂತ ಚಿಕ್ಕದಾದ ನಿಕಾನ್ ಕ್ರಾಪ್ ಸೆನ್ಸರ್ ಸುಮಾರು 23.5×15.6, ಕ್ಯಾನನ್‌ನದು ಸುಮಾರು 22.3×14.9 ಮಿ.ಮೀ. ಲೆನ್ಸ್ ಮೂಡಿಸುವ ದೊಡ್ಡ ವೃತ್ತದ ನಡುಭಾಗವನ್ನಷ್ಟೇ ಚಿಕ್ಕ ಸೆನ್ಸರ್ ಬಳಸಿಕೊಳ್ಳುತ್ತದೆಯಾದ್ದರಿಂದ, ನಿಕಾನ್‌ನಲ್ಲಿ 50 ಮಿ.ಮೀ. ಲೆನ್ಸಿನ ನೋಟವು ಫುಲ್ ಫ್ರೇಮಿನ 75ರಂತೆಯೂ ಕ್ಯಾನನ್‌ನಲ್ಲಿ 80ರಂತೆಯೂ ಕಾಣುತ್ತದೆ. ಈ 1.5 ಅಥವಾ 1.6ರ ಗುಣಾಕಾರವು ಎರಡು ಬಗೆಯ ಕ್ಯಾಮೆರಾಗಳನ್ನು ಹೋಲಿಸುವುದಕ್ಕೆ ಮಾತ್ರ. ಲೆನ್ಸಿನ ಮೇಲೆ ಮಿ.ಮೀ.ಗಳಲ್ಲಿ ಬರೆದಿರುವ ಫೋಕಲ್ ಲೆಂಗ್ತ್ ಎಲ್ಲಿಯೂ ಬದಲಾಗುವುದಿಲ್ಲ, ಎಫ್ ಸಂಖ್ಯೆಯ ಎಕ್ಸ್‌ಪೋಷರ್ (ಸೆನ್ಸರಿಗೆ ಬೀಳುವ ಬೆಳಕಿನ) ಲೆಕ್ಕವೂ ಬದಲಾಗುವುದಿಲ್ಲ. ಆದ್ದರಿಂದ 35 ಅಥವಾ 50 ಮಿ.ಮೀ. ಲೆನ್ಸ್ ಕೊಳ್ಳುವ ಮುನ್ನ ಕಿಟ್ ಲೆನ್ಸನ್ನು ಆ ಸಂಖ್ಯೆಯಲ್ಲಿಟ್ಟು, ಝೂಮ್ ಮುಟ್ಟದೆ ಒಂದು ದಿನ ಚಿತ್ರ ತೆಗೆದು ನೋಡುವುದು ಅತ್ಯುತ್ತಮ ಪರೀಕ್ಷೆ. ಅದಕ್ಕೆ ಕಾಸೂ ಖರ್ಚಿಲ್ಲ.

ನಿಕಾನ್ ಬಳಸುವವರು ಎಚ್ಚರ ವಹಿಸಬೇಕಾದದ್ದು ಫೋಕಸ್ ಮೋಟಾರಿನ ವಿಷಯದಲ್ಲಿ. ಡಿ3500, ಡಿ5600ರಂಥ ಬಾಡಿಗಳ ಒಳಗೆ ಮೋಟಾರ್ ಇಲ್ಲ. ತನ್ನೊಳಗೆ ಮೋಟಾರಿಲ್ಲದ ಹಳೆಯ ಎಎಫ್-ಡಿ ಲೆನ್ಸ್ ಅಗ್ಗವೆಂದು ಕೊಂಡರೆ ಅದು ಕೂರುತ್ತದೆ, ಬೆಳಕಿನ ಅಳತೆಯೂ ಸಿಗುತ್ತದೆ, ಆದರೆ ಫೋಕಸನ್ನು ಕೈಯಿಂದಲೇ ಮಾಡಿ, ವ್ಯೂಫೈಂಡರಿನ ಕೆಳಗಡೆಯ ಫೋಕಸ್ ಸೂಚಕ ಚುಕ್ಕೆಯನ್ನು ನಂಬಬೇಕಾಗುತ್ತದೆ. ಆಟೋಫೋಕಸ್ ಬೇಕೆಂದರೆ ಲೆನ್ಸಿನೊಳಗೇ ಮೋಟಾರಿರುವ ಎಎಫ್-ಎಸ್ ಅಥವಾ ಎಎಫ್-ಪಿ ಗುರುತಿನದನ್ನೇ ಕೇಳಿ ಕೊಳ್ಳಬೇಕು. ಡಿ7200ರಲ್ಲಿ ಮೋಟಾರ್ ಇರುವುದರಿಂದ ಈ ತೊಡಕಿಲ್ಲ. ಎಎಫ್-ಡಿ ಲೆನ್ಸಿನ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಉಂಗುರವನ್ನು 16 ಅಥವಾ 22, ಅಂದರೆ ಅದರಲ್ಲಿರುವ ಅತಿ ದೊಡ್ಡ ಸಂಖ್ಯೆಗೆ ತಿರುಗಿಸಿ ಬಿಗಿಮಾಡಬೇಕು. ಇಲ್ಲವಾದರೆ ಕ್ಯಾಮೆರಾ ದೋಷಸೂಚನೆ ತೋರಿಸಿ ಚಿತ್ರ ತೆಗೆಯಲು ನಿರಾಕರಿಸುತ್ತದೆ. ಕ್ಯಾಮೆರಾ ಕೆಟ್ಟಿತೆಂದು ರಿಪೇರಿಗೆ ಒಯ್ಯುವ ಮೊದಲು ಈ ಉಂಗುರವನ್ನೊಮ್ಮೆ ನೋಡುವುದು ಒಳ್ಳೆಯದು. ಕ್ಯಾನನ್ ಇಎಫ್ ಲೆನ್ಸ್‌ಗಳಲ್ಲಿ ಮೋಟಾರ್ ಲೆನ್ಸಿನಲ್ಲೇ ಇರುತ್ತದೆ. ಅವುಗಳ ಕೆಂಪು ಚುಕ್ಕೆಯನ್ನು ಬಾಡಿಯ ಕೆಂಪು ಚುಕ್ಕೆಗೆ ಹೊಂದಿಸಿ ತಿರುಗಿಸಿದರೆ ಸಾಕು. ಬಿಳಿ ಚೌಕವಿರುವುದು ಕ್ರಾಪ್‌ಗೆಂದೇ ಮಾಡಿದ ಇಎಫ್-ಎಸ್ ಲೆನ್ಸ್‌ಗಳಿಗೆ.

ಕ್ರಾಪ್ ಬಾಡಿ ಮತ್ತು ಫುಲ್ ಫ್ರೇಮ್ ಲೆನ್ಸಿನ ಈ ಜೋಡಿಯಿಂದ ನಿಜವಾದ ಲಾಭ ಸಿಗುವುದು ದೂರದ ವಸ್ತುಗಳಿಗೆ. ರಂಗನತಿಟ್ಟಿನ ದೋಣಿಯಲ್ಲಿ ಕುಳಿತು 70-300 ಲೆನ್ಸಿನಿಂದ ಕೊಕ್ಕರೆಯನ್ನು ಹಿಡಿಯುವವರಿಗೆ ನಿಕಾನ್‌ನಲ್ಲಿ ಫುಲ್ ಫ್ರೇಮಿನ 450ರಷ್ಟು ಕಿರಿದಾದ ನೋಟ ದೊರೆಯುತ್ತದೆ. ಆದರೆ ಕೈ ಅಲುಗಾಟವೂ ಅಷ್ಟೇ ದೊಡ್ಡದಾಗಿ ಕಾಣುವುದರಿಂದ, ಶಟರ್ ವೇಗವನ್ನು 300 ಮಿ.ಮೀ.ಗೆ ತಕ್ಕ 1/300 ಸೆಕೆಂಡಿಗೆ ಬಿಡದೆ 1/500 ಅಥವಾ ಅದಕ್ಕೂ ಹೆಚ್ಚು ಇಡಬೇಕು. ದೋಣಿಯೂ ಹಕ್ಕಿಯೂ ಚಲಿಸುತ್ತಿದ್ದರೆ 1/1000 ಇಟ್ಟು ಐಎಸ್‌ಓ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ) ಏರಿಸುವುದೇ ಲೇಸು. ಲೆನ್ಸಿನ ಅಂಚುಗಳ ಮಸುಕು ಮತ್ತು ಮೂಲೆಗಳ ಕಪ್ಪು ಚಿತ್ರದಿಂದ ಹೊರಗೇ ಉಳಿಯುವುದು ಇನ್ನೊಂದು ಅನುಕೂಲ. ಹಾಗೆಂದು ಹಳೆಯ ಲೆನ್ಸ್ ಎಲ್ಲವೂ ಚೊಕ್ಕವಾಗಿ ಬರುತ್ತವೆಂದು ತಿಳಿಯಬಾರದು: 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರಿನ ಪಿಕ್ಸೆಲ್ ದಟ್ಟಣೆಯು ಸುಮಾರು 54 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮಿಗೆ ಸಮನಾಗಿರುವುದರಿಂದ ನಡುಭಾಗದ ಸಣ್ಣ ಕೊರತೆಯೂ ಎದ್ದು ಕಾಣುತ್ತದೆ. ಅಂಥಲ್ಲಿ ಒಂದೆರಡು ಸ್ಟಾಪ್ (ಮೆಟ್ಟಿಲು) ಅಪರ್ಚರ್ ಕಿರಿದುಗೊಳಿಸಿದರೆ ಬಹುಪಾಲು ಸುಧಾರಿಸುತ್ತದೆ.

ಅಗಲ ನೋಟಕ್ಕಾಗಿ ಮಾತ್ರ ಫುಲ್ ಫ್ರೇಮ್ ಲೆನ್ಸಿಗೆ ಹಣ ಸುರಿಯುವುದು ನನ್ನ ಮಟ್ಟಿಗೆ ವ್ಯರ್ಥ. ಭಾರವಾದ, ದುಬಾರಿಯಾದ 24-70 ಎಫ್ 2.8 ನಿಕಾನ್ ಕ್ರಾಪ್‌ನಲ್ಲಿ 36-105ರಂತಾಗಿ, ಮದುವೆ ಮಂಟಪದ ಇಕ್ಕಟ್ಟಿನಲ್ಲಿ ಕೈಕೊಡುತ್ತದೆ. ಅಲ್ಲಿಗೆ ಕ್ರಾಪ್‌ಗೆಂದೇ ಮಾಡಿದ 17-50 ಎಫ್ 2.8 ಅಥವಾ 10-20ರಂಥ ಲೆನ್ಸನ್ನೇ ಆರಿಸಬೇಕು. ಮುಂದೆಂದೋ ಫುಲ್ ಫ್ರೇಮ್ ಬಾಡಿ ಕೊಂಡ ದಿನ ಅದನ್ನು ಮಾರಿದರಾಯಿತು.