ಜೊತೆ ಆಟಗಾರರಿಗೆ ಲೆಕ್ಕದ ಒಗಟು ಹಾಕುವ ಕ್ರಮ

ಸಂದೇಶ ಮತ್ತು ಮಾತುಕತೆಯ ಆ್ಯಪ್ ಆದ ಡಿಸ್ಕಾರ್ಡ್‌ನಲ್ಲಿ ಜೊತೆ ಆಟಗಾರರಿಗೆ ಲೆಕ್ಕದ ಒಗಟು ಹಾಕುವವರು ಮೊದಲು ನಿಯಮಗಳನ್ನು ಪೂರ್ತಿಯಾಗಿ ಬರೆಯಬೇಕು; ಒಂದು ಪದ ಬಿಟ್ಟುಹೋದರೂ ಉತ್ತರ ತಲೆಕೆಳಗಾಗಬಹುದು. ಉದಾಹರಣೆಗೆ, 21 ಬೆಂಕಿಕಡ್ಡಿಗಳಿದ್ದು, ಇಬ್ಬರು ಸರದಿಯಂತೆ ಪ್ರತಿ ಸಲ ಒಂದರಿಂದ ಮೂರು ಕಡ್ಡಿಗಳನ್ನು ತೆಗೆಯುತ್ತಾರೆ ಎನ್ನೋಣ. ಕೊನೆಯ ಕಡ್ಡಿ ತೆಗೆದವರು ಗೆಲ್ಲುವುದಾದರೆ, ಮೊದಲ ಆಟಗಾರ ಒಂದನ್ನು ತೆಗೆದು 20 ಉಳಿಸಿ, ಅಲ್ಲಿಂದ ಮುಂದೆ ಎದುರಾಳಿ ತೆಗೆದದ್ದೂ ತಾನು ತೆಗೆಯುವುದೂ ಸೇರಿ ನಾಲ್ಕಾಗುವಂತೆ ನೋಡಿಕೊಂಡರೆ ಗೆಲುವು ಅವನದೇ. ಕೊನೆಯ ಕಡ್ಡಿ ತೆಗೆದವರು ಸೋಲುವುದಾದರೆ ಇದೇ ಉಪಾಯ ಎರಡನೆಯವನ ಕೈಸೇರುತ್ತದೆ: ಆತ 17, 13, 9, 5 ಎಂದು ಇಳಿಸುತ್ತಾ ಬಂದು ಎದುರಾಳಿಗೆ ಒಂದೇ ಕಡ್ಡಿ ಉಳಿಸುತ್ತಾನೆ.

ಬಿಡಿಸುವವರು ಕೊನೆಯಿಂದ ಹಿಂದಕ್ಕೆ ಬರುವುದು ಲೇಸು. ಕೊನೆಯ ಕಡ್ಡಿ ತೆಗೆದವರು ಗೆಲ್ಲುವ ಆಟದಲ್ಲಿ ನಾಲ್ಕೇ ಕಡ್ಡಿಗಳಿದ್ದಾಗ ಏನಾಗುತ್ತದೆಂದು ನೋಡಿ, ಬಳಿಕ ಎಂಟನ್ನು ಪರೀಕ್ಷಿಸಿದರೆ ಸೂತ್ರ ತಾನಾಗಿ ಹೊಳೆಯುತ್ತದೆ. ಯಾರಾದರೂ ಸುಳಿವು ಕೇಳಿದರೆ ಇಷ್ಟನ್ನೇ ಹೇಳಿದರೆ ಸಾಕು.

ಉತ್ತರದ ಎರಡೂ ಬದಿಗೆ ಎರಡೆರಡು ಲಂಬ ಗೆರೆಗಳನ್ನು ||ಹೀಗೆ|| ಹಾಕಿದರೆ, ಅದು ಕ್ಲಿಕ್ ಮಾಡುವವರೆಗೆ ಮರೆಯಲ್ಲಿರುತ್ತದೆ. ಬರಿಯ ಸಂಖ್ಯೆಯ ಬದಲು ಅದನ್ನು ತಲುಪಿದ ದಾರಿಯನ್ನೂ ಬರೆಯಬೇಕು. ವಾಯ್ಸ್ ಚಾಟ್‌ನಲ್ಲಂತೂ ಉತ್ತರವನ್ನು ಕೂಗಿಬಿಡುವವರೇ ಹೆಚ್ಚು, ಅಲ್ಲಿ ಒಗಟು ಹಾಕದಿರುವುದೇ ಒಳ್ಳೆಯದು. 6÷2(1+2) ಎಷ್ಟು ಎಂಬಂಥ ಪ್ರಶ್ನೆಗಳನ್ನೂ ದೂರವಿಡಬಹುದು, ಏಕೆಂದರೆ ಅಲ್ಲಿರುವುದು ಅಸ್ಪಷ್ಟ ಬರವಣಿಗೆಯೇ ಹೊರತು ಒಗಟಲ್ಲ.