ಬಾರದ ಸರಕಿಗೆ ಸಹಿ ಕೇಳಿದ ಬಾಸ್: ನನ್ನ ಅನುಭವ

ಹೊಸ ಕೆಲಸದಲ್ಲಿ ಬಾಸ್ ತಪ್ಪು ಮಾಡುತ್ತಿದ್ದಾರೆ ಎಂದು ಗೊತ್ತಾಗುವುದೇ ಕಷ್ಟ. ಆ ಆಫೀಸಿನ ರೂಢಿ ಯಾವುದು, ಅಕ್ರಮ ಯಾವುದು ಎಂದು ನಮಗಿನ್ನೂ ತಿಳಿದಿರುವುದಿಲ್ಲ. ನಾನು ಖರೀದಿ ವಿಭಾಗಕ್ಕೆ ಸೇರಿದ್ದೆ, ಪ್ರೊಬೇಷನ್ ನಡೆಯುತ್ತಿತ್ತು. ಮ್ಯಾನೇಜರ್ ಒಂದು ಜಿಆರ್‌ಎನ್ ತಂದು, "ಸುಮ್ನೆ ಒಂದು ಸಹಿ ಹಾಕಿಬಿಡಿ, ಮಾಲು ಮುಂದಿನ ವಾರ ಬರುತ್ತೆ" ಎಂದರು.

ಮಾಲು ನಮ್ಮ ಕೈ ಸೇರಿದೆ ಎಂದು ಹೇಳುವ ಚೀಟಿಯೇ ಜಿಆರ್‌ಎನ್. ಖರೀದಿ ಆರ್ಡರ್, ಈ ಚೀಟಿ, ಸಪ್ಲೈಯರ್ ಕೊಟ್ಟ ಬಿಲ್ಲು ಮೂರೂ ತಾಳೆಯಾದರೆ ಅಕೌಂಟ್ಸ್‌ನವರು ದುಡ್ಡು ಬಿಡುತ್ತಾರೆ. ಆರ್ಡರ್ ಮೇಲೆ ಬಾಸ್ ಸಹಿ ಇರುತ್ತದೆ, ಅದರಲ್ಲಿ ಯಾವ ಸುಳ್ಳೂ ಇರುವುದಿಲ್ಲ. ಸುಳ್ಳಾಗುವುದು ಚೀಟಿಯ ಮೇಲಿನ ನನ್ನ ಸಹಿ. ನಾಳೆ ಆಡಿಟ್‌ನವರು ಬಂದರೆ ಮೊದಲು ಕರೆಯುವುದೂ ನನ್ನನ್ನೇ.

"ಮಾಲು ಬಂದ ಕೂಡಲೇ ಎಣಿಸಿ ಸಹಿ ಹಾಕ್ತೀನಿ ಸಾರ್" ಎಂದೆ. ಅವಸರಕ್ಕೆ ಬಿದ್ದು, ಕೆಟ್ಟ ಉದ್ದೇಶವಿಲ್ಲದೆ ಹೀಗೆ ಕೇಳುವವರೂ ಇದ್ದಾರೆ. ಹಾಗಾಗಿ ಆರೋಪ ಮಾಡುವ ಹೊತ್ತು ಅದಲ್ಲ. ಅವತ್ತೇ ಅವರಿಗೆ ಮೇಲ್ ಬರೆದೆ: "ಮಾಲು ಬಂದ ಮೇಲೆ ಜಿಆರ್‌ಎನ್ ಮಾಡಬೇಕೆಂದು ತಿಳಿದಿದ್ದೇನೆ. ಇಲ್ಲಿ ಬೇರೆ ಕ್ರಮ ಇದ್ದರೆ ತಿಳಿಸಿ." ಉತ್ತರ ಬರಲಿಲ್ಲ. ಮಾರನೇ ದಿನ ನನ್ನ ಮೇಜಿನ ಹತ್ತಿರ ಬಂದು, "ಇಂಥದ್ದಕ್ಕೆಲ್ಲ ಮೇಲ್ ಯಾಕೆ, ಬಾಯಲ್ಲಿ ಕೇಳಿದ್ರೆ ಸಾಕಲ್ವಾ?" ಎಂದರು. ನನ್ನ ಅನುಮಾನ ಗಟ್ಟಿಯಾದದ್ದು ಆಗ. ಕ್ರಮ ಸರಿಯಿದ್ದವರು ಒಂದು ಸಾಲಿನ ಉತ್ತರ ಬರೆದು ಮುಗಿಸುತ್ತಾರೆ.

ಆಮೇಲೆ ನನ್ನ ಕೆಲಸಕ್ಕೇ ಬೇಕಾದ ಹಳೆಯ ಫೈಲುಗಳನ್ನು ಗಮನವಿಟ್ಟು ಓದಿದೆ. ಮೂರು ಬೇರೆ ಬೇರೆ ಕಂಪನಿಗಳ ಕೊಟೇಶನ್ನುಗಳಲ್ಲಿ ಒಂದೇ ಪದ ಒಂದೇ ರೀತಿ ತಪ್ಪಾಗಿತ್ತು, ಮೂರನ್ನೂ ಒಬ್ಬರೇ ಬರೆದ ಹಾಗೆ. ಒಂದೇ ಆರ್ಡರ್ ಆಗಬೇಕಿದ್ದ ಖರೀದಿಯನ್ನು ತುಂಡು ಮಾಡಿದ್ದರು. ಪ್ರತಿ ತುಂಡೂ ಮೇಲಿನವರ ಒಪ್ಪಿಗೆ ಬೇಕಾಗುವ ಮೊತ್ತಕ್ಕಿಂತ ಸ್ವಲ್ಪವೇ ಕಡಿಮೆ.

ನನ್ನನ್ನು ಕಾಪಾಡಿದ್ದು ಒಂದು ನೋಟ್‌ಬುಕ್. ಎಡಪುಟದಲ್ಲಿ ಕಂಡದ್ದು, ಕೇಳಿದ್ದು: ತಾರೀಖು, ಹೊತ್ತು, ಅವರಾಡಿದ ಮಾತು ಹಾಗೇ, ಹತ್ತಿರ ಯಾರಿದ್ದರು, ಆರ್ಡರ್ ನಂಬರ್. ಬಲಪುಟದಲ್ಲಿ ನನ್ನ ಊಹೆ. "ಮಾಲು ಬರುವ ಮೊದಲೇ ಸಹಿ ಕೇಳಿದರು" ಎಡಕ್ಕೆ. "ಸಪ್ಲೈಯರ್ ಜೊತೆ ಒಳಒಪ್ಪಂದ ಇರಬೇಕು" ಬಲಕ್ಕೆ. ಸಿಟ್ಟಿನಲ್ಲಿದ್ದಾಗ ಇವೆರಡೂ ಒಂದೇ ಅನ್ನಿಸುತ್ತವೆ, ಬರೆಯಲು ಕೂತರೆ ಬೇರೆಯಾಗುತ್ತವೆ. ದೂರಿಗೆ ಹೋದದ್ದು ಎಡಪುಟ ಮಾತ್ರ.

ಫೈಲುಗಳನ್ನು ನನ್ನ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಲಿಲ್ಲ, ಪೆನ್‌ಡ್ರೈವ್‌ಗೂ ಹಾಕಿಕೊಳ್ಳಲಿಲ್ಲ. ದಯವಿಟ್ಟು ನೀವೂ ಹಾಗೆ ಮಾಡಬೇಡಿ. ಮಾಡಿದರೆ ಬಾಸ್ ವಿಷಯ ಹಿಂದೆ ಸರಿದು, ಕಂಪನಿಯ ದಾಖಲೆ ಹೊರಗೆ ಒಯ್ದಿರಿ ಎಂಬುದೇ ದೊಡ್ಡದಾಗುತ್ತದೆ. ನಂಬರ್, ತಾರೀಖು ಇದ್ದರೆ ಆಡಿಟ್‌ನವರು ತಾವೇ ಫೈಲು ತೆಗೆಸುತ್ತಾರೆ.

ಯಾರಿಗೆ ಹೇಳುವುದು? ಬೈಗುಳ, ಕಿರುಕುಳ, ಅಸಭ್ಯ ವರ್ತನೆಯಾಗಿದ್ದರೆ ಎಚ್‌ಆರ್ ಅಥವಾ ಅದಕ್ಕೆಂದೇ ಇರುವ ಸಮಿತಿಗೆ ಹೋಗುತ್ತಿದ್ದೆ. ಅದರಲ್ಲಿ ಹೊಸಬರು ಹಿಂಜರಿಯಬೇಕಿಲ್ಲ. ಕೆಲಸದ ಜಾಗದ ಹಿಂಸೆ, ಕಿರುಕುಳದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಮಾಡಿದ 190ನೇ ಒಪ್ಪಂದ ತರಬೇತಿಯಲ್ಲಿರುವವರನ್ನೂ, ಕೆಲಸಕ್ಕೆ ಅರ್ಜಿ ಹಾಕಿದವರನ್ನೂ ಒಳಗೊಳ್ಳುತ್ತದೆ. ನನ್ನದು ದುಡ್ಡಿನ ವಿಷಯ. ಸೇರಿದಾಗ ಕೊಟ್ಟ ನಿಯಮಗಳ ಪುಸ್ತಕದಲ್ಲಿ ಇಂಥ ದೂರು ಆಂತರಿಕ ಆಡಿಟ್‌ಗೆ ಹೋಗಬೇಕೆಂದು ಬರೆದಿತ್ತು. ಸಹೋದ್ಯೋಗಿಗಳ ಹತ್ತಿರ ಬಾಯಿ ಬಿಡಲಿಲ್ಲ.

ಹೆಸರಿಲ್ಲದೆ ದೂರು ಕೊಡಲು ಅವಕಾಶವಿತ್ತು. ಆದರೂ ಹೆಸರು ಹಾಕಿಯೇ ಕೊಟ್ಟೆ. ಹೆಸರಿಲ್ಲದಿದ್ದರೆ ಆಡಿಟ್‌ನವರು ತಿರುಗಿ ಪ್ರಶ್ನೆ ಕೇಳುವುದು ಕಷ್ಟ. ಚಿಕ್ಕ ವಿಭಾಗದಲ್ಲಿ ಬರೆದವರು ಯಾರೆಂದು ಹೇಗೂ ಊಹಿಸುತ್ತಾರೆ. ಒಂದೇ ಪುಟ ಬರೆದೆ, ವಿಶೇಷಣ ಹಾಕಲಿಲ್ಲ, 'ಕಳ್ಳತನ' ಎಂಬ ಮಾತೂ ಇರಲಿಲ್ಲ. ನನ್ನ ಹೆಸರು ಗುಟ್ಟಾಗಿಡಿ, ದೂರು ತಲುಪಿದ್ದಕ್ಕೆ ಲಿಖಿತ ಉತ್ತರ ಕೊಡಿ ಎಂದು ಕೇಳಿದೆ. ಭ್ರಷ್ಟಾಚಾರದ ವಿರುದ್ಧ 2003ರಲ್ಲಿ ಆದ ವಿಶ್ವಸಂಸ್ಥೆಯ ಒಪ್ಪಂದದ 33ನೇ ವಿಧಿ, ಒಳ್ಳೆಯ ನಂಬಿಕೆಯಿಂದ, ತಕ್ಕ ಆಧಾರದ ಮೇಲೆ ದೂರು ಕೊಟ್ಟವರ ರಕ್ಷಣೆಯ ಬಗ್ಗೆ ಮಾತಾಡುತ್ತದೆ. ಆ 'ತಕ್ಕ ಆಧಾರ' ನನಗೆ ಸಿಕ್ಕಿದ್ದು ಎಡಪುಟದಿಂದ.

ನಾನೊಬ್ಬ ಹೇಳಿದರೆ ಏನಾಗುತ್ತೆ ಎಂದು ಅನ್ನಿಸುವುದು ಸಹಜ. ವಂಚನೆ ಪತ್ತೆ ಮಾಡುವವರ ಅಂತರರಾಷ್ಟ್ರೀಯ ಸಂಘ ಎಸಿಎಫ್‌ಇ, 2024ರ ವರದಿಗಾಗಿ ಅಭ್ಯಾಸ ಮಾಡಿದ ಪ್ರಕರಣಗಳಲ್ಲಿ ಶೇ 43ರಷ್ಟು ಹೊರಬಿದ್ದದ್ದು ಯಾರೋ ಕೊಟ್ಟ ಸುಳಿವಿನಿಂದ. ಆ ಸುಳಿವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನೌಕರರೇ ಕೊಟ್ಟವು.

ಆಮೇಲಿನ ದಿನಗಳು ಸುಲಭವಿರಲಿಲ್ಲ. ಮೀಟಿಂಗ್‌ಗೆ ಕರೆಯುವುದು ನಿಂತಿತು. "ಪ್ರೊಬೇಷನ್ನಲ್ಲಿ ಇರೋರು ಹುಷಾರಾಗಿರಬೇಕು" ಎಂಬ ಮಾತು ಎಲ್ಲರೆದುರು ಬಂತು. ಅದನ್ನೂ ತಾರೀಖು ಹಾಕಿ ಬರೆದಿಟ್ಟೆ. ಮುಗಿಸಿದ ಕೆಲಸದ ಪಟ್ಟಿಯನ್ನು ವಾರವಾರವೂ ಮೇಲ್ ಮಾಡಿದೆ, ಕೆಲಸ ಸರಿಯಿಲ್ಲ ಎಂಬ ನೆಪ ಯಾರಿಗೂ ಸಿಗಬಾರದಲ್ವಾ? ಜೊತೆಗೆ ಬೇರೆ ಕಡೆ ಅರ್ಜಿಯನ್ನೂ ಹಾಕುತ್ತಿದ್ದೆ. ನೌಕರಿ ಹೋದರೆ ಕೆಲವು ತಿಂಗಳು ತಳ್ಳುವಷ್ಟು ದುಡ್ಡು ಎತ್ತಿಡುವುದು ಹೆದರಿಕೆಯಲ್ಲ, ಮನೆ ನಡೆಯಬೇಕಲ್ಲ.

ಆಡಿಟ್‌ನವರು ಹಲವು ವಿಭಾಗಗಳ ಫೈಲುಗಳನ್ನು ಒಟ್ಟಿಗೆ ತರಿಸಿದರು, ಹಾಗಾಗಿ ಬೆರಳು ನೇರ ನನ್ನ ಕಡೆ ತಿರುಗಲಿಲ್ಲ. ಕೊನೆಗೆ ಆ ಮ್ಯಾನೇಜರ್ ಖರೀದಿಯಿಂದ ಹೊರಗಾದರು. ವರದಿಯಲ್ಲಿ ಏನಿತ್ತು ಎಂದು ನನಗೆ ಹೇಳಲಿಲ್ಲ. ದೂರು ಕೊಟ್ಟವರಿಗೆ ಅದನ್ನು ತೋರಿಸದಿರುವುದೇ ಜಾಸ್ತಿ. ನನ್ನ ಕೆಲಸ ಖಾಯಂ ಆಯಿತು. ಈಗ ಅಲ್ಲಿ ಜಿಆರ್‌ಎನ್‌ಗೆ ಸಹಿ ಹಾಕುವ ಅಧಿಕಾರ ಗೋದಾಮಿನವರಿಗೆ ಮಾತ್ರ. ಖರೀದಿಯವರು ಯಾರೂ, ಮ್ಯಾನೇಜರ್ ಆದರೂ ಸರಿ, ಅದನ್ನು ಮುಟ್ಟುವಂತಿಲ್ಲ.